ಕಟ್ಟಡಕ್ಕೆಲ್ಲ ಒಬ್ಬನೇ ಅಪ್ಪ

ನಮ್ಮ ಕೆಳಗಿನ ಮನೆಯ ಅಣು ಮಾವನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಕೆಲವು ದಿನ ನಾನು ಅವರ ಮಗನಾಗಿದ್ದೆ ಎಂಬುದನ್ನು ಮರೆತೂ ಬಿಟ್ಟಿದ್ದೇನೆ. ಅವರಿಗಿಂತ ನಾನೇ ಆರೇಳು ವರ್ಷ ದೊಡ್ಡವನು ಎಂಬುದನ್ನೂ ಈಗ ಯಾರೂ ಎತ್ತಿ ಆಡುತ್ತಿಲ್ಲ. ಆದರೆ ನಡೆದದ್ದನ್ನು ನಡೆದ ಹಾಗೆ ನಾನು ಹೇಳದಿದ್ದರೆ ಕ್ಷೌರದಂಗಡಿಯವನು ತನಗೆ ಬೇಕಾದ ಹಾಗೆ ಹೇಳುತ್ತಾನೆ. ಈಗಾಗಲೇ ಹೇಳುತ್ತಿದ್ದಾನೆ.

ಅಣು ಮಾವ ಕೆಲಸ ಮಾಡುವುದು ಡಿಎನ್‌ಎ ಓದುವ ಯಂತ್ರ ತಯಾರಿಸುವ ಕಂಪನಿಯಲ್ಲಿ. ನಮ್ಮ ಮೈಯ ಕಣಕಣದೊಳಗೂ ನಾಲ್ಕೇ ಅಕ್ಷರಗಳಲ್ಲಿ ಬರೆದ ಒಂದು ಉದ್ದನೆಯ ಬರಹ ಇದೆಯಂತೆ. ಅದನ್ನು ಓದಬೇಕಾದರೆ ಹಿಂದೆ ಕೋಣೆ ತುಂಬುವ ಯಂತ್ರ, ಒಂದು ದಂಡು ಪಂಡಿತರು, ವರ್ಷಗಟ್ಟಲೆ ತಾಳ್ಮೆ ಬೇಕಿತ್ತಂತೆ. ಈ ಕಂಪನಿಯವರು ಯಂತ್ರವನ್ನು ಕುಗ್ಗಿಸಿ ಕುಗ್ಗಿಸಿ ಸೋಪಿನ ಡಬ್ಬಿಯಷ್ಟು ಮಾಡಿದ್ದಾರೆ. ಒಳಗೆ ಉಗುರಿನಗಲದ ಒಂದು ಚಿಪ್, ಅದರಲ್ಲಿ ಕಣ್ಣಿಗೆ ಕಾಣದ ಸಾವಿರಾರು ತೂತುಗಳು. ಒಂದು ಹನಿ ಎಂಜಲು ಬಿಟ್ಟರೆ ಸಾಕು, ಮಿಕ್ಕದ್ದೆಲ್ಲ ಯಂತ್ರವೇ ಮಾಡಿಕೊಳ್ಳುತ್ತದೆ. ಡಿಎನ್‌ಎ ಎಳೆ ಆ ತೂತುಗಳಲ್ಲಿ ದಾರದಂತೆ ನುಸುಳಿ ಹೋಗುತ್ತದೆ, ಓದಿದ ಅಕ್ಷರಗಳು ಫೋನಿಗೆ ಬರುತ್ತವೆ. ಚಹಾ ಕುದಿಯುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಚಿತ್ರಕಲೆ ಕಲಿಸಿ ನಿವೃತ್ತನಾದ ನನಗೆ ಇಷ್ಟೆಲ್ಲ ಹೇಗೆ ಗೊತ್ತೆಂದರೆ, ಅಣು ಮಾವ ಮೆಟ್ಟಿಲ ಮೇಲೆ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದರು. ಆ ಹೆಸರೂ ಹಾಗೇ ಬಂತು.

ಆ ಯಂತ್ರವನ್ನು ಅಭಿವೃದ್ಧಿಪಡಿಸುತ್ತಿರುವುದು ತಾವೇ ಎಂದೂ ಹೇಳುತ್ತಿದ್ದರು. ನಾವು ನಂಬಿದ್ದೆವು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಅವರ ಮಗಳು ನಂಬಿದ್ದಳು. ಅವರ ಹೆಂಡತಿ ಕೂಡ ನಂಬಿದ್ದರು, ಇದು ಸಣ್ಣ ಮಾತಲ್ಲ. ನಿಜ ನಮಗೆ ತಿಳಿದದ್ದು ಕೊನೆಗೆ. ಆದರೆ ನಮ್ಮ ಜೊತೆ ನೀವೂ ಯಾಕೆ ಮೋಸಹೋಗಬೇಕು, ಈಗಲೇ ಹೇಳಿಬಿಡುತ್ತೇನೆ. ಅಣು ಮಾವನ ಕೆಲಸ ಉಗುಳುವುದು.

ತಮಾಷೆಯಲ್ಲ. ಹೊಸ ಯಂತ್ರ ಸರಿಯಾಗಿ ಓದುತ್ತಿದೆಯೇ ಎಂದು ತಿಳಿಯಬೇಕಾದರೆ, ಮೊದಲೇ ಪೂರ್ತಿ ಓದಿ ಇಟ್ಟುಕೊಂಡ ಒಬ್ಬ ಮನುಷ್ಯನ ಎಂಜಲು ಬೇಕು. ಅದಕ್ಕೆಂದು ಕಂಪನಿಯವರು ಪ್ಯಾಕಿಂಗ್ ವಿಭಾಗದಿಂದ ಇವರನ್ನು ಆರಿಸಿಕೊಂಡಿದ್ದರು. ಆವತ್ತಿನಿಂದ ಅವರು ಬೆಳಿಗ್ಗೆ ಬಂದು, ಬಾಯಿ ಮುಕ್ಕಳಿಸಿ, ಸಾಲಾಗಿ ಇಟ್ಟ ಸೀಸೆಗಳಲ್ಲಿ ಉಗುಳಿ, ಮಧ್ಯಾಹ್ನದ ಮೇಲೆ ಡಬ್ಬಿಗಳಿಗೆ ಅಂಟುಪಟ್ಟಿ ಹಚ್ಚುತ್ತಿದ್ದರು. ಇದನ್ನು ಹೆಂಡತಿ ಮಕ್ಕಳ ಮುಂದೆ ಹೇಗೆ ಹೇಳುವುದು? ಅಭಿವೃದ್ಧಿ ಎಂದರು.

ಅಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು. ಹುಡುಗ ಅಗ್ನಿಶಾಮಕ ದಳದವನು, ಕಣ್ಣು ತೋರಿಸಲು ಬಂದವನು ಕಣ್ಣಲ್ಲಿ ಏನೂ ತೊಂದರೆ ಇಲ್ಲದಿದ್ದರೂ ಮತ್ತೆ ಮತ್ತೆ ಬಂದಿದ್ದ. ಅವನ ತಂದೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಊರಿನ ಅಂಗಡಿಯವರೆಲ್ಲ ಅವರನ್ನು ತಕ್ಕಡಿ ಸಾಹೇಬರು ಎನ್ನುತ್ತಿದ್ದರು. ಮನುಷ್ಯರೆಲ್ಲ ಸುಳ್ಳು ಹೇಳುತ್ತಾರೆ, ಸೀಲ್ ಇರುವ ಯಂತ್ರ ಸುಳ್ಳು ಹೇಳುವುದಿಲ್ಲ ಎಂಬುದು ಅವರು ಬಾಳಿನಲ್ಲಿ ಕಲಿತ ಒಂದೇ ಪಾಠ.

ಇದೇ ಹೊತ್ತಿಗೆ ಕಂಪನಿಯ ಮುಖ್ಯ ಇಂಜಿನಿಯರಮ್ಮ ಒಂದು ಹೊಸ ಯೋಚನೆ ಮಾಡಿದರು. ಯಂತ್ರ ಇಷ್ಟು ಚಿಕ್ಕದಾಗಿದೆ, ಅಗ್ಗವಾಗಿದೆ, ಇನ್ನು ಸಾಮಾನ್ಯ ಜನ ಅಡುಗೆಮನೆಯಲ್ಲಿ ಕೂತು ಬಳಸಬಲ್ಲರೇ ಎಂದು ನೋಡಬೇಕಲ್ಲ. ಸಿಬ್ಬಂದಿಗೆಲ್ಲ ಒಂದೊಂದು ಯಂತ್ರ ಮನೆಗೆ ಕೊಟ್ಟು ಕಳಿಸಿದರು. ಚಿಪ್ ಮುಟ್ಟಬೇಡಿ, ಅದರ ಹತ್ತಿರ ಬಾಯಿ ತರಬೇಡಿ, ಪ್ರತಿ ಸಲ ತೊಳೆಯಿರಿ ಎಂದು ಹೇಳಿಯೂ ಹೇಳಿದರು. ಅಣು ಮಾವ ಅದನ್ನು ಗಂಭೀರವಾಗಿ ಕೇಳಿಸಿಕೊಂಡು, ಇದು ಪ್ಯಾಕಿಂಗ್ ವಿಭಾಗದವರಿಗೆ ಹೇಳಿದ ಮಾತು ಎಂದುಕೊಂಡರು.

ಭಾನುವಾರ ಹುಡುಗನ ಮನೆಯವರು ಬಂದರು. ಮೇಲಿನ ಮನೆಯವನೆಂದು ನನ್ನನ್ನೂ ಕರೆದಿದ್ದರು. ಚಹಾ ಆದಮೇಲೆ ಅಣು ಮಾವ ಯಂತ್ರವನ್ನು ಟವೆಲಿನಲ್ಲಿ ಸುತ್ತಿಕೊಂಡು ಹಸುಗೂಸನ್ನು ತರುವಂತೆ ತಂದು ಮೇಜಿನ ಮೇಲಿಟ್ಟರು. ಅಭ್ಯಾಸಬಲದಿಂದ ಮೊದಲು ತಾವೇ ಒಂದು ಹನಿ ಹಾಕಿದರು. ಓಡಿತು. ಫೋನು ಅವರನ್ನು ಮೊದಲನೆಯವರೆಂದು ನೆನಪಿಟ್ಟುಕೊಂಡಿತು. ಆಮೇಲೆ ಭಾವೀ ಅಳಿಯನ ಸರದಿ. ಚಿಪ್ ತೊಳೆದು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಅದರ ಮೇಲೆ ಉಫ್ ಎಂದು ಊದಿದರು. ಧೂಳು ಹೋಗಲೆಂದು. ನಮ್ಮಲ್ಲಿ ಕೀಲಿಕೈ, ಕನ್ನಡಕ, ಟಾರ್ಚಿನ ಬ್ಯಾಟರಿ ಯಾವುದನ್ನೇ ಆಗಲಿ ಊದದೆ ಬಳಸುವವರು ಯಾರು? ಆ ಉಫ್ ಅನ್ನು ನಾವೆಲ್ಲರೂ ನೋಡಿದೆವು, ಯಾರಿಗೂ ಏನೂ ಅನ್ನಿಸಲಿಲ್ಲ.

ಹುಡುಗನ ಹನಿಯೂ ಓಡಿತು. ಫೋನಿನ ತುಂಬ ಅಕ್ಷರಗಳು ಇರುವೆಗಳಂತೆ ಹರಿದು ಕೊನೆಗೆ ಒಂದು ಸಾಲು ನಿಂತಿತು. ಅಣು ಮಾವ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು, ಓದುತ್ತಾ ಧ್ವನಿ ಇಳಿಯಿತು: ಮೊದಲನೆಯವರಿಗೂ ಎರಡನೆಯವರಿಗೂ ಹತ್ತಿರದ ರಕ್ತಸಂಬಂಧ, ತಂದೆ ಮತ್ತು ಮಗ.

ತಕ್ಕಡಿ ಸಾಹೇಬರು ಯಂತ್ರವನ್ನು ಎತ್ತಿ, ಬೋರಲು ಹಾಕಿ, ತಳ ನೋಡಿದರು.

"ಸೀಲ್ ಇದೆ" ಎಂದರು.

ಅಲ್ಲಿಗೆ ತೀರ್ಪು ಆದ ಹಾಗಾಯಿತು. ಅಣು ಮಾವ ಗಡಿಬಿಡಿಯಿಂದ ಇನ್ನೊಮ್ಮೆ ಮಾಡಿದರು, ಈ ಸಲ ಇನ್ನೂ ಜಾಗ್ರತೆಯಿಂದ, ಅಂದರೆ ಇನ್ನೂ ಜೋರಾಗಿ ಊದಿ. ಯಂತ್ರ ಮೊದಲಿಗಿಂತ ಖಚಿತವಾಗಿ ಅದನ್ನೇ ಹೇಳಿತು. ಅಣು ಮಾವನ ಹೆಂಡತಿ ನಿಧಾನವಾಗಿ ತಿರುಗಿ ಹುಡುಗನ ತಾಯಿಯ ಮುಖ ನೋಡಿದರು. ಹುಡುಗನ ತಾಯಿ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಈ ಮನುಷ್ಯನ ಮುಖ ನಾನು ಮೊದಲು ನೋಡಿದ್ದೇ ಹೋದ ತಿಂಗಳು" ಎಂದರು ಆಕೆ. "ಅದನ್ನೂ ಪೂರ್ತಿ ನೋಡೋಕಾಗಿಲ್ಲ, ಮಾತಾಡ್ತಾನೇ ಇದ್ರು."

ತಕ್ಕಡಿ ಸಾಹೇಬರು ಹೆಂಡತಿಯ ಮೇಲೆ ತಮಗೆ ಪೂರ್ಣ ನಂಬಿಕೆ ಇದೆ, ಆದರೆ ಯಂತ್ರದ ಮೇಲೂ ಇದೆ, ಆದ್ದರಿಂದ ಯೋಚಿಸಬೇಕು ಎಂದರು. ಅಣ್ಣ ತಂಗಿ ಆಗಬಹುದಾದವರಿಗೆ ಮದುವೆ ಮಾಡುವ ಹಾಗಿಲ್ಲವಲ್ಲ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿಕೊಂಡರು. ನೋಡಿಕೊಳ್ಳಬಹುದೋ ಬಾರದೋ ಎಂದು ಗೊತ್ತಾಗದೆ ಇಬ್ಬರೂ ನೆಲ ನೋಡಿದರು. ಅವಳ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಅವರು ಹೋದ ಮೇಲೆ ಮಗಳು ಕೇಳಿದ್ದು ಒಂದೇ ಮಾತು, ನಿಮ್ಮ ಇಂಜಿನಿಯರಮ್ಮನಿಗೆ ಫೋನ್ ಮಾಡಿ ವಿಚಾರಿಸಿ ಅಂತ. ಮಾಡಿದ್ದರೆ ಆವತ್ತೇ ಮುಗಿಯುತ್ತಿತ್ತು. ಆದರೆ ಇಂಜಿನಿಯರಮ್ಮ ಬಾಯಿ ತೆರೆದರೆ ಅಭಿವೃದ್ಧಿಯ ಬಣ್ಣ ಬಯಲಾಗುತ್ತಿತ್ತು. ನಾನೇ ಮಾಡಿದ ಯಂತ್ರದ ಬಗ್ಗೆ ಇನ್ನೊಬ್ಬರನ್ನು ಕೇಳುವುದೇ ಎಂದು ಅಣು ಮಾವ ಎದೆ ಸೆಟೆಸಿದರು. ಹೆಂಡತಿ, ಹಾಗಾದರೆ ಆ ಹುಡುಗ ನಿಮ್ಮ ಮಗನೇ ಎಂದು ಕೇಳಿದರು. ಎದೆ ಮತ್ತೆ ಒಳಗೆ ಹೋಯಿತು. ಆಗ ಅವರ ಬಾಯಿಂದ ಬರಬಾರದ ಮಾತು ಬಂತು. ಯಂತ್ರ ತಂದೆ-ಮಗ ಎಂದರೂ ಒಮ್ಮೊಮ್ಮೆ ಅದು ಅಣ್ಣತಮ್ಮನೂ ಇರಬಹುದು, ತಮ್ಮ ಅಪ್ಪ ಏನಾದರೂ... ಎಂದು ರಾಗ ಎಳೆದರು.

ಅವರ ಅಪ್ಪ ತೀರಿಹೋಗಿ ಬಹಳ ಕಾಲವಾಗಿತ್ತು. ಗಡಿಯಾರ ರಿಪೇರಿ ಮಾಡುತ್ತಿದ್ದವರು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಅಂಗಡಿ ಮುಂದೆ ಮೆರವಣಿಗೆ ಹೋದರೂ ತಲೆ ಎತ್ತುತ್ತಿರಲಿಲ್ಲವಂತೆ. ಒಳಗೆ ಕೋಣೆಯಲ್ಲಿದ್ದ ಅಜ್ಜಿಗೆ, ಎಂದರೆ ಅಣು ಮಾವನ ತಾಯಿಗೆ, ಕಿವಿ ಮಂದ. ಆದರೆ ಇಂಥ ಮಾತು ಯಾವ ಮಂದ ಕಿವಿಗೂ ಕೇಳುತ್ತದೆ. ಆಕೆ ಕೋಲೂರಿಕೊಂಡು ಹೊರಗೆ ಬಂದು, ಗೋಡೆಯ ಮೇಲಿದ್ದ ಗಂಡನ ಫೋಟೋ ಇಳಿಸಿಕೊಂಡು, ಸೆರಗಿನಿಂದ ಒರೆಸಿ, ತನ್ನ ಕೋಣೆಗೆ ತೆಗೆದುಕೊಂಡು ಹೋದರು. ಆಮೇಲೆ ಮಗನ ಜೊತೆ ಮಾತಿಲ್ಲ. ತಾನು ಊಟ ಬಡಿಸುತ್ತಿದ್ದ ಮಗನ ತಟ್ಟೆಯನ್ನು ಮುಟ್ಟಲೂ ಇಲ್ಲ. ಹೆಂಡತಿಯೂ ಮಾತು ಬಿಟ್ಟಿದ್ದರೆ ಅಣು ಮಾವನಿಗೆ ಸ್ವಲ್ಪ ವಿಶ್ರಾಂತಿ ಸಿಗುತ್ತಿತ್ತು, ಆಕೆ ಬಿಡಲಿಲ್ಲ.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರೆ. ಇಲ್ಲಿ ಮಾತೂ ತೂತೂ ಸೇರಿ ಬೀದಿಯನ್ನೇ ಕೆಡಿಸಿದವು. ಮರುದಿನ ಕ್ಷೌರದಂಗಡಿಯವನು ನನ್ನ ತಲೆಯನ್ನು ಕೈಯಲ್ಲಿ ಹಿಡಿದುಕೊಂಡು, ನೀವು ಚಿತ್ರ ಬರೆಯೋರು, ಆ ಹುಡುಗನ ಕಿವಿಗೂ ಅಣು ಮಾವನ ಕಿವಿಗೂ ಹೋಲಿಕೆ ಇದೆಯಾ ಇಲ್ಲವಾ ಹೇಳಿ ಎಂದ. ಕತ್ತರಿ ಅವನ ಕೈಯಲ್ಲಿತ್ತು, ಇದೆ ಎಂದೆ. ಸಂಜೆಗೆ ಕಟ್ಟಡದ ಗಂಡಸರೆಲ್ಲ ಕನ್ನಡಿಯಲ್ಲಿ ತಮ್ಮ ತಮ್ಮ ಕಿವಿ ನೋಡಿಕೊಳ್ಳುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹಳೆಯ ಗಾದೆ, ಇದು ಅದರ ಹೊಸ ಆವೃತ್ತಿ.

ಅಣು ಮಾವ ಯಂತ್ರದ ಮಾನ ಉಳಿಸಲು ಹೊರಟರು. ಬೇರೆ ಯಾರದಾದರೂ ಹನಿ ಹಾಕಿ, ಸಂಬಂಧವಿಲ್ಲ ಎಂದು ಬಂದರೆ ಯಂತ್ರ ಸರಿಯಿದೆ ಎಂದಾಗುತ್ತದೆ ಎಂಬುದು ಅವರ ತರ್ಕ. ಯಂತ್ರ ಸರಿಯಿದ್ದರೆ ತಾವು ಕೆಟ್ಟವರಾಗುತ್ತೇವೆ ಎಂಬುದು ಅವರಿಗೆ ಹೊಳೆಯಲಿಲ್ಲ. ಕ್ಷೌರದಂಗಡಿಯವನು ಕೊಟ್ಟ, ಮಗನೆಂದು ಬಂತು. ನಾನು ಕೊಟ್ಟೆ, ನಾನೂ ಮಗ. ನನ್ನ ಹೆಂಡತಿ ಅದನ್ನು ಕೇಳಿ, ನಿಮ್ಮ ಅಪ್ಪ ನನ್ನನ್ನು ಒಮ್ಮೆಯೂ ಸೊಸೆ ಅಂತ ಕರೆಯಲಿಲ್ಲ, ಈಗ ಗೊತ್ತಾಯಿತು ಯಾಕೆ ಅಂತ ಎಂದಳು. ಲಿಫ್ಟ್ ರಿಪೇರಿಗೆ ಬಂದಿದ್ದವನು ಅಪ್ಪನಿಲ್ಲದೆ ಬೆಳೆದವನು, ಪಾಪ. ಅವನು ಫಲಿತಾಂಶ ನೋಡಿ ಕಣ್ಣೀರು ಹಾಕಿಕೊಂಡು ಅಣು ಮಾವನ ಕೈ ಹಿಡಿದುಕೊಂಡ. ಬಿಡಿಸಿಕೊಳ್ಳಲು ಸಾಕುಬೇಕಾಯಿತು. ಆಮೇಲೆ ಕಟ್ಟಡದ ಮಿಕ್ಕವರೂ ಒಬ್ಬೊಬ್ಬರಾಗಿ ಕೊಟ್ಟರು, ಎಲ್ಲರೂ ಅಣು ಮಾವನ ಮಕ್ಕಳೇ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಸರ್ಕಾರದಲ್ಲಿ ಇರಲೇಬೇಕಲ್ಲ. ನೀರು ಸರಬರಾಜು ಕಚೇರಿಯ ಗುಮಾಸ್ತ ಬಂದ. ಈ ಕಟ್ಟಡದವರೆಲ್ಲ ಒಂದೇ ಕುಟುಂಬ ಎಂದು ತಿಳಿದುಬಂದಿದೆ, ಒಂದು ಕುಟುಂಬಕ್ಕೆ ಒಂದೇ ನಲ್ಲಿ ಎಂಬುದು ನಿಯಮ, ಮಿಕ್ಕ ನಲ್ಲಿಗಳನ್ನು ಯಾವಾಗ ಕತ್ತರಿಸಲಿ ಎಂದು ವಿನಯದಿಂದ ಕೇಳಿದ. ಅಲ್ಲಿಯವರೆಗೆ ಅಣು ಮಾವನನ್ನು ನೋಡಿ ನಗುತ್ತಿದ್ದವರೆಲ್ಲ ಆಮೇಲೆ ಹಲ್ಲು ಕಡಿಯತೊಡಗಿದರು. ಮಾನ ಹೋದರೆ ಸಹಿಸಬಹುದು, ನೀರು ಹೋದರೆ ಹೇಗೆ?

ಆ ಗುಮಾಸ್ತ ಇನ್ನೂ ಅಲ್ಲೇ ಇರುವಾಗ, ನಾವೆಲ್ಲ ಅಣು ಮಾವನ ಹಜಾರದಲ್ಲಿ ಒಟ್ಟಿಗೇ ಕೂಗಾಡುತ್ತಿರುವಾಗ, ತಕ್ಕಡಿ ಸಾಹೇಬರು ಹೆಂಡತಿ ಮಗನ ಜೊತೆ ಬಂದರು. ಕೈಯಲ್ಲಿ ಪುಟ್ಟ ಡಬ್ಬಿ. ಅದರಲ್ಲಿ ನಿಶ್ಚಿತಾರ್ಥದ ಉಂಗುರ ಇದೆ, ಹಿಂದಿರುಗಿಸಲು ಬಂದಿದ್ದಾರೆ ಎಂದು ನೋಡಿದ ಕೂಡಲೇ ಎಲ್ಲರಿಗೂ ತಿಳಿಯಿತು. ಅವರು ಡಬ್ಬಿ ತೆರೆದು ಮೇಜಿನ ಮೇಲಿಟ್ಟರು, ಮಗಳು ತನ್ನ ಬೆರಳಿನದನ್ನೂ ತೆಗೆದು ಪಕ್ಕದಲ್ಲಿಟ್ಟಳು. ಹುಡುಗ ಬಾಗಿಲಲ್ಲೇ ನಿಂತಿದ್ದ. ಉರಿಯುವ ಮನೆಗೆ ನುಗ್ಗುವ ಕೆಲಸದವನಿಗೆ ಈ ಮನೆಯೊಳಗೆ ಕಾಲಿಡಲು ಧೈರ್ಯ ಬರಲಿಲ್ಲ.

ಅದನ್ನು ನೋಡಿ ಅಣು ಮಾವನ ಹೆಂಡತಿಗೆ ತಡೆಯಲಾಗಲಿಲ್ಲ. ಎಲ್ಲರದೂ ಆಯಿತು, ನನ್ನದೊಂದು ಯಾಕೆ ಬಾಕಿ ಎಂದು ಎದ್ದು ಬಂದು ಹನಿ ಹಾಕಿದರು. ಅಣು ಮಾವ ಎಂದಿನಂತೆ ಚಿಪ್ ತೊಳೆದಿದ್ದರು, ಊದಿದ್ದರು. ಚಹಾ ಕುದಿಯುವಷ್ಟು ಹೊತ್ತು ಎಲ್ಲರೂ ಫೋನಿನ ಸುತ್ತ ಬಗ್ಗಿ ನಿಂತೆವು. ಫಲಿತಾಂಶ: ತಂದೆ ಮತ್ತು ಮಗಳು.

"ಇವರ ಜೊತೆ ಇಷ್ಟು ವರ್ಷ ಬಾಳಿದ್ದಕ್ಕೆ ಇದೊಂದು ಬಾಕಿ ಇತ್ತು" ಎಂದರು ಆಕೆ, ಕುಸಿದು ಕೂತು.

ತಕ್ಕಡಿ ಸಾಹೇಬರು ಗಂಟಲು ಸರಿಮಾಡಿಕೊಂಡು, ಹಾಗಾದರೆ ನಿಮ್ಮ ಮದುವೆಯೂ ನಡೆಯಬಾರದಿತ್ತು ಎಂದರು. ಎಲ್ಲರೂ ಅವರನ್ನೇ ದುರುಗುಟ್ಟಿ ನೋಡಿದೆವು. ತಮ್ಮ ನ್ಯಾಯ ಎಲ್ಲರಿಗೂ ಒಂದೇ ಎಂದು ತೋರಿಸಬೇಕಾಗಿ ಬಂತೋ ಏನೋ, ಅವರೂ ಕೋಟಿನ ತೋಳು ಮಡಿಸಿ ಒಂದು ಹನಿ ಹಾಕಿದರು. ಅವರೂ ಅಣು ಮಾವನ ಮಗ. ಅಣು ಮಾವ ಹುಟ್ಟುವಾಗ ಇವರು ಶಾಲೆಗೆ ಹೋಗುತ್ತಿದ್ದರು. ಬಾಳಿಡೀ ನಂಬಿದ್ದು ಕಾಲಡಿಯಿಂದ ಜಾರುವುದನ್ನು ನಾನು ಆವತ್ತು ಕಣ್ಣಾರೆ ಕಂಡೆ. ಆದರೆ ಮನುಷ್ಯ ಗಟ್ಟಿ, ಹಳೆಯ ಕಸುಬನ್ನು ಹಿಡಿದುಕೊಂಡು ಎದ್ದು ನಿಂತರು.

"ತಕ್ಕಡಿ ಪರೀಕ್ಷೆಗೆ ಹೋದ್ರೆ ನಾವು ಮೊದಲು ಏನೂ ಇಡದೆ ನೋಡ್ತೀವಿ" ಎಂದರು. "ಖಾಲಿ ತಟ್ಟೆ ತೂಕ ತೋರಿಸಿದ್ರೆ ತಪ್ಪು ತಕ್ಕಡೀದು. ಬರೀ ನೀರು ಹಾಕಿ."

ಕುದಿಸಿ ಆರಿಸಿದ ನೀರು ತಂದರು. ಅಣು ಮಾವ ಚಿಪ್ ತೊಳೆದು, ಬೆಳಕಿಗೆ ಹಿಡಿದು, ಊದಿ, ನೀರು ಬಿಟ್ಟರು. ಈ ಸಲ ಯಂತ್ರ ಮಗ ಎನ್ನಲಿಲ್ಲ, ಮಗಳು ಎನ್ನಲಿಲ್ಲ. ಮೊದಲನೆಯವರೂ ಇವರೂ ಒಬ್ಬರೇ ಎಂದಿತು. ಅಂದರೆ ಆ ಲೋಟದಲ್ಲಿದ್ದದ್ದು ಸಾಕ್ಷಾತ್ ಅಣು ಮಾವ. ಗುಮಾಸ್ತ, ನೀರೇ ನಿಮ್ಮವರಾದ ಮೇಲೆ ನಲ್ಲಿಯ ವಿಷಯ ಮೇಲಧಿಕಾರಿಗಳನ್ನು ಕೇಳಬೇಕಾಗುತ್ತದೆ ಎಂದು ಗೊಣಗಿದ.

ತಕ್ಕಡಿ ಸಾಹೇಬರು ಅಣು ಮಾವನ ಹತ್ತಿರ ಬಂದು, ಈಗ ಬಾಯಲ್ಲಿ ಏನು ಮಾಡಿದಿರಿ ಎಂದು ಕೇಳಿದರು. ಧೂಳು ತೆಗೆದೆ ಎಂದರು ಅಣು ಮಾವ. ಹೇಳಿದವರೇ ಕೈಯಿಂದ ಬಾಯಿ ಮುಚ್ಚಿಕೊಂಡರು. ಇಂಜಿನಿಯರಮ್ಮ ಬಾಯಿಯ ಬಗ್ಗೆ ಹೇಳಿದ್ದು ಆಗ ನೆನಪಾಗಿರಬೇಕು. ಊದಿದಾಗಲೆಲ್ಲ ಅವರ ಎಂಜಲಿನ ತುಂತುರು ಚಿಪ್ಪಿನ ಮೇಲೆ ಬಿದ್ದು ಬಂದವರ ಹನಿಯ ಜೊತೆ ಬೆರೆಯುತ್ತಿತ್ತು. ಯಂತ್ರ ಪಾಪ, ಇಬ್ಬರನ್ನೂ ಕಲಸಿ ಓದಿ, ಅರ್ಧ ಇವರಂತೆ ಇದೆ, ಆದ್ದರಿಂದ ಮಕ್ಕಳು ಎನ್ನುತ್ತಿತ್ತು. ಆದರೆ ತಕ್ಕಡಿ ಸಾಹೇಬರಿಗೆ ಅಷ್ಟು ಸಾಲದು. ಇಷ್ಟು ದೊಡ್ಡ ವಿಜ್ಞಾನಿ ಇಷ್ಟು ಸಣ್ಣ ವಿಷಯ ತಿಳಿಯದೆ ಊದಿದರೇ? ಯಂತ್ರ ಮಾಡಿದವರು ನೀವೇ ತಾನೇ, ಎಂದು ಕೇಳಿದರು.

ಅಣು ಮಾವ ಮೇಜಿನ ಮೇಲಿನ ಎರಡು ಉಂಗುರಗಳನ್ನು ನೋಡಿದರು. ಆಮೇಲೆ ಮಗಳನ್ನು ನೋಡಿದರು.

"ನಾನು ವಿಜ್ಞಾನಿ ಅಲ್ಲ" ಎಂದರು. "ನಾನು ಅಲ್ಲಿ ಉಗುಳ್ತೀನಿ. ನನ್ನ ಎಂಜಲು ಹಾಕಿ ಯಂತ್ರ ಸರಿ ಇದೆಯಾ ಅಂತ ನೋಡ್ತಾರೆ. ಆಮೇಲೆ ಡಬ್ಬಿಗೆ ಅಂಟುಪಟ್ಟಿ ಹಚ್ಚಿ ಮನೆಗೆ ಬರ್ತೀನಿ. ಮೊದಲನೇ ದಿನವೇ ಫೋನ್ ಮಾಡಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ. ನಾಚಿಕೆ ಆಯ್ತು."

ಯಾರಾದರೂ ನಗುತ್ತಾರೆಂದು ನಾನು ಕಾದೆ. ಕ್ಷೌರದಂಗಡಿಯವನು ಬಾಯಿ ತೆರೆದದ್ದೂ ಹೌದು. ಆದರೆ ತಕ್ಕಡಿ ಸಾಹೇಬರು ಕೈಯೆತ್ತಿ ತಡೆದರು. ಅವರ ಕಣ್ಣು ಅರಳಿತ್ತು. ಗೊತ್ತಿರುವ ಒಂದು ತೂಕ ಇಟ್ಟು ಮಿಕ್ಕದ್ದನ್ನೆಲ್ಲ ಅದಕ್ಕೆ ಹೋಲಿಸಿ ನೋಡುವ ಪದ್ಧತಿ ಅವರ ಇಲಾಖೆಯಲ್ಲೂ ಇತ್ತು. ಆ ಮೂಲ ತೂಕದ ಬಟ್ಟನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರಂತೆ, ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲವಂತೆ, ನಿವೃತ್ತಿಯ ದಿನ ಅವರು ಅದಕ್ಕೆ ಕೈಮುಗಿದು ಬಂದಿದ್ದರಂತೆ. ಅಂಥದ್ದು ಮನುಷ್ಯರೂಪದಲ್ಲಿ ತಮಗೆ ಬೀಗರಾಗಿ ಸಿಗುತ್ತದೆ ಎಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ವಿಜ್ಞಾನಿಗಳು ಸಾವಿರ ಜನ ಇರುತ್ತಾರೆ, ಮೂಲ ಬಟ್ಟು ಒಂದೇ ಎಂದು ಅಣು ಮಾವನ ಕೈ ಕುಲುಕಿದರು.

"ಗಾಜಿನ ಪೆಟ್ಟಿಗೆ ಇದ್ರೆ ಇವತ್ತೇ ಕರ್ಕೊಂಡು ಹೋಗಿ" ಎಂದರು ಅಣು ಮಾವನ ಹೆಂಡತಿ.

ಆಮೇಲೆ ಪರೀಕ್ಷೆ ಸರಿಯಾಗಿ ನಡೆಯಿತು. ಅಣು ಮಾವನನ್ನು ಬಾಗಿಲಾಚೆ ಮೆಟ್ಟಿಲ ಮೇಲೆ ಕೂರಿಸಿ, ಬಾಯಿಗೆ ಟವೆಲು ಕಟ್ಟಿ, ಪಕ್ಕದಲ್ಲಿ ಲಿಫ್ಟಿನವನನ್ನು ಕಾವಲು ಹಾಕಿದೆವು. ಮಗಳು ಕೈಗವಸು ಹಾಕಿ ಚಿಪ್ ತೊಳೆದಳು. ಹುಡುಗ ಕೊನೆಗೂ ಒಳಗೆ ಬಂದು ಹನಿ ಹಾಕಿದ. ಫೋನು ಹೇಳಿತು: ಮೊದಲನೆಯವರಿಗೂ ಇವರಿಗೂ ಯಾವ ಸಂಬಂಧವೂ ಇಲ್ಲ. ನಿಮಗೂ ನಮಗೂ ಯಾವ ಸಂಬಂಧವೂ ಇಲ್ಲವಂತೆ ಎಂದು ಎರಡು ಕುಟುಂಬಗಳು ಅಷ್ಟು ಸಂತೋಷದಿಂದ ಅಪ್ಪಿಕೊಂಡದ್ದನ್ನು ನಾನು ಎಲ್ಲಿಯೂ ನೋಡಿಲ್ಲ. ಉಂಗುರಗಳು ಮತ್ತೆ ಬೆರಳಿಗೆ ಏರಿದವು. ಲಿಫ್ಟಿನವನೊಬ್ಬನೇ ಸ್ವಲ್ಪ ಸಪ್ಪಗಿದ್ದ. ಮಗಳು ಅವನನ್ನು ಮದುವೆಗೆ ಬರಲೇಬೇಕು, ಮನೆಯವರ ಸಾಲಿನಲ್ಲಿ ಕೂರಬೇಕು ಎಂದು ಕರೆದಳು.

ಆಗ ಒಳಗಿನಿಂದ ಕೋಲಿನ ಸದ್ದು ಬಂತು. ಅಜ್ಜಿ ಮೇಜಿನ ಹತ್ತಿರ ಬಂದು ಕೂತು, ತನ್ನದೂ ಒಂದು ನೋಡು ಎಂದು ಮೊಮ್ಮಗಳಿಗೆ ಹೇಳಿದರು. ಯಾಕಜ್ಜಿ ಎಂದಳು ಅವಳು.

"ಗಂಡನ ಮೇಲೆ ಅಂಥ ಮಾತು ಆಡಿದವನು ನನ್ನ ಮಗ ಅಲ್ಲ ಅಂತ ಬಂದ್ರೆ ಮನಸ್ಸಿಗೆ ಸಮಾಧಾನ" ಎಂದರು ಅಜ್ಜಿ.

ಮೆಟ್ಟಿಲ ಮೇಲಿದ್ದ ಅಣು ಮಾವ ಟವೆಲು ಕಟ್ಟಿಕೊಂಡೇ ಎದ್ದು ಬಂದು ಹೊಸಿಲಾಚೆ ನಿಂತರು, ಒಳಗೆ ಬರಲು ಅಪ್ಪಣೆ ಇರಲಿಲ್ಲವಲ್ಲ. ಮಗಳು ಚಿಪ್ ತೊಳೆದಳು, ಅಜ್ಜಿಯ ಹನಿ ಬಿಟ್ಟಳು. ಅಕ್ಷರಗಳು ಓಡಿದವು. ಅಜ್ಜಿ ಫೋನನ್ನು ನೋಡಲೇ ಇಲ್ಲ, ಹೊಸಿಲಾಚೆ ಟವೆಲಿನ ಮೇಲೆ ಕಾಣುತ್ತಿದ್ದ ಎರಡು ಕಣ್ಣುಗಳನ್ನೇ ನೋಡುತ್ತಾ ಕೂತಿದ್ದರು. ಆ ಕಣ್ಣುಗಳಿಂದ ನೀರಿಳಿದು ಟವೆಲು ಒದ್ದೆಯಾಗುತ್ತಿತ್ತು.

ಮೊಮ್ಮಗಳು ಓದಿದಳು: ತಾಯಿ ಮತ್ತು ಮಗ.

ಅಜ್ಜಿ ದೊಡ್ಡದೊಂದು ಉಸಿರು ಬಿಟ್ಟು ಕೋಲು ಹುಡುಕಿದರು.

"ಹಾಗಾದ್ರೆ ಏನೂ ಮಾಡೋ ಹಾಗಿಲ್ಲ" ಎಂದರು. "ಆ ಬಟ್ಟೆ ಬಿಚ್ಚಿ ಒಳಗೆ ಬಾ, ಅಪ್ಪನ ಫೋಟೋ ಮತ್ತೆ ಗೋಡೆಗೆ ಹಾಕು. ಆಮೇಲೆ ಊಟಕ್ಕೆ ಕೂತ್ಕೋ, ನಾನೇ ಬಡಿಸ್ತೀನಿ."